ವೆರಿಫೈ ಮಾಡದ ಡಿವಿಡಿ ಬ್ಯಾಕಪ್ಪೇ ಅಲ್ಲ

‘ವೆರಿಫೈ ಎಲ್ಲ ಯಾಕೆ ಸಾರ್, ಸುಮ್ನೆ ಡಬಲ್ ಟೈಮು’ ಅಂತ ಡಿವಿಡಿ ರೈಟ್ ಮಾಡಿಕೊಡುವ ಹುಡುಗರು ಹೇಳುತ್ತಾರೆ. ನಾನೂ ಅದನ್ನೇ ನಂಬಿದ್ದೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ, ಕಳಸ ಕಡೆ ಗುಡ್ಡ ಜರಿದು ತೋಟ, ಮನೆ ಮಣ್ಣುಪಾಲಾದಾಗ ತೆಗೆದ ಫೋಟೊಗಳನ್ನು ನಾಲ್ಕು ಡಿವಿಡಿಗೆ ಹಾಕಿ ಕ್ಯಾಮೆರಾ ಕಾರ್ಡ್ ಖಾಲಿ ಮಾಡಿದೆ. ಆಮೇಲೆ ಬೆಳೆಗಾರರೊಬ್ಬರು ಪರಿಹಾರದ ಅರ್ಜಿಗೆ ಅಂತ ಅವರ ತೋಟದ ಫೋಟೊ ಕೇಳಿದರು. ಮೂರು ಡಿಸ್ಕ್ ತೆರೆದವು. ಅವರ ತೋಟ ಇದ್ದದ್ದು ನಾಲ್ಕನೆಯದರಲ್ಲಿ. ಫೈಲಿನ ಹೆಸರೆಲ್ಲ ಕಾಣುತ್ತದೆ, ಒತ್ತಿದರೆ ಒಂದೂ ತೆರೆಯುವುದಿಲ್ಲ. ಅವರಿಗೆ ಏನು ಹೇಳಲಿ?

ರೈಟ್ ಮುಗಿಯಿತು ಅಂತ ಕಂಪ್ಯೂಟರ್ ತೋರಿಸುವುದೂ ಬರೆದದ್ದು ಸರಿಯಿರುವುದೂ ಒಂದೇ ಅಲ್ಲ. ಲೇಸರ್ ಡಿಸ್ಕಿನ ಬಣ್ಣದ ಪದರದ ಮೇಲೆ ಗುರುತು ಮಾಡುತ್ತಾ ಹೋಗುತ್ತದೆ, ತಿರುಗಿ ನೋಡುವುದಿಲ್ಲ. ವೆರಿಫೈ ಅಂದರೆ ಅದನ್ನು ಮತ್ತೆ ಓದಿ, ಮೂಲ ಫೈಲಿನ ಜೊತೆ ತಾಳೆ ನೋಡುವುದು. 4.7 ಜಿಬಿ ಡಿಸ್ಕಿಗೆ ಹತ್ತು ನಿಮಿಷ ಹೆಚ್ಚು ಹಿಡಿಯಬಹುದು. ಕಾಫಿ ಮೂಟೆ ತೂಗುವಾಗ ಮಿಷನ್ ಸೊನ್ನೆ ತೋರಿಸುತ್ತಿದೆಯಾ ಅಂತ ಎರಡು ಸಲ ಬಗ್ಗಿ ನೋಡುವವರು ನಾವು. ಇಲ್ಲಿ ಮಾತ್ರ ಅವಸರ!

‘ನಮ್ಮ ಮಳೆಗೆ ಬೂಷ್ಟು ಹಿಡಿದು ಹೇಗೂ ಹಾಳಾಗುತ್ತೆ’ ಅನ್ನುವವರೂ ಇದ್ದಾರೆ. ನಿಜ, ವೆರಿಫೈ ಇವತ್ತಿನ ಸ್ಥಿತಿಯನ್ನಷ್ಟೇ ಹೇಳುತ್ತದೆ. ಅದಕ್ಕೇ ಎರಡು ಪ್ರತಿ ಮಾಡಿ, ಒಂದನ್ನು ನೆಂಟರ ಮನೆಯಲ್ಲಿಡಿ, ಮಳೆಗಾಲ ಕಳೆದ ಮೇಲೆ ಒಮ್ಮೆ ಹಾಕಿ ನೋಡಿ. ಆದರೆ ಹುಟ್ಟುವಾಗಲೇ ಸತ್ತ ಡಿಸ್ಕಿಗೆ ಬೂಷ್ಟನ್ನು ಯಾಕೆ ದೂರಬೇಕು?

ಪೆನ್‌ಡ್ರೈವ್‌ಗೂ ಇದೇ ಮಾತು. ಮದುವೆ ವಿಡಿಯೋ ತರಲು ಹೋದಾಗ ಸ್ಟುಡಿಯೋದಲ್ಲೇ ಕೊನೆಯ ಫೈಲ್ ಓಡಿಸಿ ನೋಡಿ, ಆಮೇಲೆ ಬಾಕಿ ದುಡ್ಡು ಕೊಡಿ.