ಹನ್ನೆರಡೇ ವೋಲ್ಟು ಸಾರ್, ಏನಾಗುತ್ತೆ ಬಿಡಿ!

ಈ ಮಾತು ಕೇಳಿದರೆ ನನಗೆ ಮೈಯೆಲ್ಲಾ ಉರಿಯುತ್ತೆ. "ಹನ್ನೆರಡೇ ವೋಲ್ಟು ಸಾರ್, ಶಾಕ್ ಹೊಡೆಯಲ್ಲ, ಯಾವ ವೈರಾದ್ರೂ ನಡೆಯುತ್ತೆ." ಶಾಕ್ ಹೊಡೆಯಲ್ಲ, ಒಪ್ಪಿದೆ. ಆದರೆ ಬೆಂಕಿ ಹತ್ತೋಕೆ ಮೊದಲು ಶಾಕ್ ಹೊಡೆಯಲೇಬೇಕು ಅಂತ ಯಾವ ಪುಸ್ತಕದಲ್ಲಿ ಬರೆದಿದೆ?

ವಿಷಯ ಇಷ್ಟು. ಮುಳಬಾಗಿಲು ತಾಲೂಕಿನ ದೇವರಾಯಸಮುದ್ರದಲ್ಲಿರುವ ನಮ್ಮ ಮಾವ ಕೆರೆ ಮೀನಿನ ಗುತ್ತಿಗೆ ಹಿಡಿದಿದ್ದಾರೆ. ಒಂದು ಸಣ್ಣ ಫೈಬರ್ ದೋಣಿ, ಅದನ್ನು ಹೊರಲು ಟ್ರ್ಯಾಕ್ಟರ್ ಹಿಂದೆ ಒಂದು ಟ್ರೇಲರ್, ದಡದಿಂದ ದೋಣಿ ಎಳೆಯಲು ಒಂದು ಕರೆಂಟ್ ವಿಂಚ್. ಕೋಲಾರ ಸೀಮೆಯಲ್ಲಿ ದೋಣಿನಾ ಅಂತ ನಗಬೇಡಿ :-) ದೊಡ್ಡ ಕೆರೆಗೆ 'ಸಮುದ್ರ' ಅಂತ ಹೆಸರಿಟ್ಟ ಹಿರಿಯರು ತಮಾಷೆ ಮಾಡಿರಲಿಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿಸಿದ ನೀರು ಜಿಲ್ಲೆಯ ಕೆರೆಗಳಿಗೆ ಬರತೊಡಗಿತು, 2021ರ ಮಳೆಗೆ ಎಷ್ಟೋ ಕೆರೆ ಕೋಡಿ ಹರಿದವು.

ಟ್ರೇಲರ್ ಮಾಡಿಕೊಟ್ಟವರು ವಿಂಚಿಗೆ ಕರೆಂಟ್ ಎಲ್ಲಿಂದ ಕೊಟ್ಟರು ಗೊತ್ತೇ? ಟ್ರೇಲರಿನ ಹಿಂದಿನ ಲೈಟ್, ಇಂಡಿಕೇಟರಿಗೆ ಬರುವ ಅದೇ ಸಣ್ಣ ವೈರಿನಿಂದ! ಕೇಳಿದ್ದಕ್ಕೆ ಮೇಲಿನ ಮಾತು. ಮಾವನೂ "ಅವರು ದಿನಾ ಮಾಡೋರಪ್ಪ, ನೀನು ಕಂಪ್ಯೂಟರ್ ಇಂಜಿನಿಯರು" ಅಂದರು. ಸರಿ, ಆದರೆ ಓಮನ ನಿಯಮ ಕಂಪ್ಯೂಟರಿಗೆ ಬೇರೆ, ಟ್ರ್ಯಾಕ್ಟರಿಗೆ ಬೇರೆ ಇಲ್ಲವಲ್ಲ!

ಲೆಕ್ಕ ನೋಡಿ. ಭಾರ ಎಳೆಯುವಾಗ ವಿಂಚ್ 100 ಆಂಪಿಯರ್ ಕೇಳುತ್ತೆ ಅಂದುಕೊಳ್ಳಿ. ಬ್ಯಾಟರಿಯಿಂದ ವಿಂಚಿಗೆ 5 ಮೀಟರ್, ಹೋಗಿ ಬರಲು 10 ಮೀಟರ್ ತಾಮ್ರದ ವೈರು. 1.5 ಸ್ಕ್ವೇರ್ ವೈರಾದರೆ ಆ 100 ಆಂಪಿಯರ್ ಹರಿಸೋಕೇ ಸುಮಾರು 12 ವೋಲ್ಟ್ ಬೇಕು. ಅಂದರೆ ಬ್ಯಾಟರಿಯಲ್ಲಿರುವುದಷ್ಟನ್ನೂ ವೈರೇ ನುಂಗುತ್ತೆ, ವಿಂಚಿಗೆ ಸೊನ್ನೆ! ಫ್ಯೂಸ್ ಇದ್ದರೆ ಹಾರುತ್ತೆ, ಇಲ್ಲದಿದ್ದರೆ ವೈರಿನ ಪ್ಲಾಸ್ಟಿಕ್ ಕರಗುತ್ತೆ. ಪಕ್ಕದ ದೋಣಿಯಲ್ಲಿ ಪೆಟ್ರೋಲ್ ಕ್ಯಾನ್ ಇರುತ್ತೆ ಅನ್ನೋದು ನೆನಪಿರಲಿ. 6 ಸ್ಕ್ವೇರ್ ಹಾಕಿದರೂ ಹತ್ತಿರ ಹತ್ತಿರ 3 ವೋಲ್ಟ್ ಹೋಗುತ್ತೆ. 35 ಸ್ಕ್ವೇರಿನ ವೆಲ್ಡಿಂಗ್ ಕೇಬಲ್ ಹಾಕಿ, ನಷ್ಟ ಅರ್ಧ ವೋಲ್ಟ್ ಮಾತ್ರ.

ನನಗೆ ನಿಜಕ್ಕೂ ಬೇಜಾರಾಗೋದು ಇಲ್ಲಿ. ಬೋರ್‌ವೆಲ್ ಸಾವಿರ ಅಡಿ ಇಳಿದರೆ ಕೇಬಲ್ ದಪ್ಪ ಬೇಕು ಅಂತ ನಮ್ಮ ಕೋಲಾರದ ರೈತನಿಗೆ ಯಾರೂ ಪಾಠ ಹೇಳಬೇಕಿಲ್ಲ. ಸಣ್ಣ ಕೇಬಲ್ ಹಾಕಿ ಮೋಟಾರ್ ಸುಟ್ಟವರ ಕಥೆ ಊರೂರಲ್ಲಿದೆ. ಅಲ್ಲಿ 415 ವೋಲ್ಟ್, 3 ವೋಲ್ಟ್ ಹೋದರೆ ಲೆಕ್ಕಕ್ಕಿಲ್ಲ. ಇಲ್ಲಿ ಇರೋದೇ 12, ಅದರಲ್ಲಿ 3 ಹೋದರೆ ಕಾಲು ಭಾಗವೇ ಹೋಯಿತು! ವೋಲ್ಟ್ ಕಮ್ಮಿಯಾದಷ್ಟೂ ವೈರ್ ದಪ್ಪ ಬೇಕು. ಬೋರಿನ ಹತ್ತಿರ ಇರುವ ಬುದ್ಧಿಯನ್ನು ಟ್ರೇಲರಿನ ಹತ್ತಿರ ಯಾಕೆ ಬಿಟ್ಟುಬರುತ್ತೇವೆ?

"ಟ್ರ್ಯಾಕ್ಟರ್ ಇಂಜಿನ್ ಚಾಲೂ ಇಟ್ಟರೆ ಸಾಕು" ಅನ್ನುವವರಿಗೂ ಒಂದು ಮಾತು. ಟ್ರ್ಯಾಕ್ಟರಿನ ಆಲ್ಟರ್ನೇಟರ್ ಸಾಮಾನ್ಯವಾಗಿ 40 ಆಂಪಿಯರಿನ ಆಸುಪಾಸು. ಉಳಿದ 60ನ್ನು ಬ್ಯಾಟರಿಯೇ ಕೊಡಬೇಕು, ಅದೂ ಅದೇ ವೈರಿನಲ್ಲಿ.

ಇನ್ನು ಖರ್ಚಿನ ಮಾತು. ಎರಡು ನಿಮಿಷ 100 ಆಂಪಿಯರ್ ಎಳೆದರೆ ಖರ್ಚಾಗೋದು ಮೂರೂ ಚಿಲ್ಲರೆ ಆಂಪಿಯರ್-ಅವರ್ ಅಷ್ಟೇ. ಒಂದು 35 ಆಂಪಿಯರ್-ಅವರಿನ ಕಾರ್ ಬ್ಯಾಟರಿಯನ್ನು ವಿಂಚಿನ ಪಕ್ಕದಲ್ಲೇ ಟ್ರೇಲರ್ ಮೇಲೆ ಪೆಟ್ಟಿಗೆಯಲ್ಲಿ ಕೂರಿಸಿ. ಅಲ್ಲಿಂದ ವಿಂಚಿಗೆ ಒಂದು ಮೀಟರ್ ದಪ್ಪ ಕೇಬಲ್, ಗಟ್ಟಿಯಾಗಿ ಒತ್ತಿದ ಲಗ್, ಬ್ಯಾಟರಿಯ ಬುಡದಲ್ಲೇ ಫ್ಯೂಸ್. ಕೇಬಲ್ ಗಿಡ್ಡ ಆದ್ದರಿಂದ ಹಣವೂ ಕಮ್ಮಿ. ರಾತ್ರಿ ಮನೆಯಲ್ಲಿ ಚಾರ್ಜರ್ ಹಾಕಿದರೆ ಆಯಿತು, ಟ್ರ್ಯಾಕ್ಟರಿನಿಂದ ವೈರೇ ಬೇಡ! ಅದೂ ಬೇಡವಾ, ಕೈಯಲ್ಲಿ ತಿರುಗಿಸೋ ವಿಂಚ್ ಹಾಕಿ, ಮರ್ಯಾದೆಯಾಗಿ ಕೆಲಸ ಮಾಡುತ್ತೆ. ಲೈಟಿನ ವೈರಿಗೆ ವಿಂಚ್ ಕಟ್ಟುವ ಅರೆಬರೆ ಕೆಲಸ ಮಾತ್ರ ಬೇಡ.

ಬ್ಲಾಗಿಸುವ ಗೆಳೆಯರೇ, ನಮ್ಮಲ್ಲಿ ಅರ್ಧ ಜನ ಇಂಜಿನಿಯರುಗಳು. ಹಬ್ಬಕ್ಕೆ ಊರಿಗೆ ಹೋದಾಗ "ಅವರು ದಿನಾ ಮಾಡೋರು" ಅಂದರೆ ತಲೆಯಾಡಿಸಿ ಊಟಕ್ಕೆ ಕೂರುತ್ತೇವೆ. ದಿನಾ ಮಾಡೋದೆಲ್ಲ ಸರಿಯಾಗಿ ಮಾಡಿದ್ದು ಅಂತಲ್ಲ. ಮುಂದಿನ ಸಲ ಊಟಕ್ಕೆ ಮುಂಚೆ ಆ ವೈರನ್ನೊಮ್ಮೆ ಕೈಯಲ್ಲಿ ಮುಟ್ಟಿ ನೋಡಿ. ಬಿಸಿ ಇದ್ದರೆ ಜಗಳ ಆಡಿ. ಮಾವ ಮುನಿಸಿಕೊಂಡರೂ ಪರವಾಗಿಲ್ಲ, ಟ್ರೇಲರ್ ಉಳಿಯುತ್ತೆ.