ಮಾಸ್ತರು ಬದಲಾದರೆ ಮಾರ್ಕು ಬರುತ್ತದೆಯೆ?

ಮೊನ್ನೆ ಶಿರಹಟ್ಟಿಯಿಂದ ಗದಗಿಗೆ ಬರುವ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ರೈತರು, ಹತ್ತನೇ ತರಗತಿಯಲ್ಲಿ ಓದುವ ಅವರ ಮಗ ಕುಳಿತಿದ್ದರು. ಹುಡುಗ ಕೆಂಪು ಬಣ್ಣದ ಫುಟ್‌ಬಾಲ್ ಜೆರ್ಸಿ ತೊಟ್ಟಿದ್ದ. ಎಲ್ಲಿಗೆ ಹೊರಟಿರಿ ಎಂದು ಕೇಳಿದೆ.

"ಹುಡುಗನ್ನ ಬ್ಯಾರೆ ಟ್ಯೂಷನ್ನಿಗೆ ಹಚ್ಚಾಕ ಹೊಂಟೀನ್ರೀ ಸರ. ಈ ವರ್ಷದಾಗ ಇದು ಮೂರನೇದು. ಹಿಂದಿನ ಟೆಸ್ಟಿನ್ಯಾಗ ಗಣಿತಕ್ಕ 50ಕ್ಕ 38 ಬಿದ್ದಿತ್ತು, ಈ ಸಲ 29ಕ್ಕ ಇಳದೈತಿ. ಮಾಸ್ತರು ಸುಮಾರ ಅದಾರ ಅನಸ್ತೈತಿ."

ಹುಡುಗ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಅಂದ: "ನಮ್ಮಪ್ಪಾರು ಮ್ಯಾಂಚೆಸ್ಟರ್ ಯುನೈಟೆಡ್ ಇದ್ದಂಗ ರೀ ಸರ."

ತಂದೆಗೆ ಅದು ತಿಳಿಯಲಿಲ್ಲ. ನನಗೆ ನಗು ಬಂತು. ಆದರೆ ಹುಡುಗನ ಮಾತು ಬರೀ ತಮಾಷೆಯದಲ್ಲ.

ಇಂಗ್ಲೆಂಡಿನ ಈ ದೊಡ್ಡ ಫುಟ್‌ಬಾಲ್ ಕ್ಲಬ್ಬಿಗೆ ಅಲೆಕ್ಸ್ ಫರ್ಗುಸನ್ ಮ್ಯಾನೇಜರ್ ಆಗಿ ಬಂದದ್ದು 1986ರ ನವೆಂಬರಿನಲ್ಲಿ. ಮೊದಲ ಕಪ್ ಗೆಲ್ಲಲು ಮೂರೂವರೆ ವರ್ಷ ಬೇಕಾಯಿತು. ಲೀಗ್ ಪ್ರಶಸ್ತಿ ಬಂದದ್ದು 1993ರಲ್ಲಿ. ನಡುವೆ 1989ರಲ್ಲಿ, ಈತ ತೊಲಗಲಿ ಎಂದು ಅಭಿಮಾನಿಗಳೇ ಮೈದಾನದಲ್ಲಿ ಬಟ್ಟೆಯ ಮೇಲೆ ಬರೆದು ಹಿಡಿದಿದ್ದರು. ಕ್ಲಬ್ಬಿನವರು ತಡೆದುಕೊಂಡರು. 2013ರಲ್ಲಿ ಫರ್ಗುಸನ್ ನಿವೃತ್ತರಾಗುವ ಹೊತ್ತಿಗೆ 13 ಲೀಗ್ ಪ್ರಶಸ್ತಿಗಳು ಬಂದಿದ್ದವು. ಅವರ ನಂತರ ಬಂದ ಡೇವಿಡ್ ಮೋಯೆಸ್ ಅವರಿಗೆ 6 ವರ್ಷದ ಕರಾರು ಬರೆದುಕೊಟ್ಟು, 10 ತಿಂಗಳಿಗೇ ಮನೆಗೆ ಕಳಿಸಿದರು. 2024ರ ಅಕ್ಟೋಬರ್ ಒಳಗೆ ಹೀಗೆ ಬಂದು ಹೋದ ಕಾಯಂ ಮ್ಯಾನೇಜರುಗಳು ಐವರು. ಲೀಗ್ ಪ್ರಶಸ್ತಿ ಮಾತ್ರ ಈ ಐವರಲ್ಲಿ ಒಬ್ಬರ ಕೈಗೂ ಸಿಗಲಿಲ್ಲ.

ಅದು ದೂರದ ಊರಿನ ಕಥೆಯಾಯಿತು. ನಮ್ಮ ರಾಜ್ಯದ ಬೆಂಗಳೂರು ಎಫ್‌ಸಿಯನ್ನೇ ನೋಡಿ. 2013ರಲ್ಲಿ ಹುಟ್ಟಿದ ಈ ಕ್ಲಬ್ಬು ಆ್ಯಶ್ಲಿ ವೆಸ್ಟ್‌ವುಡ್ ಎಂಬ ಕೋಚ್ ಕೈಯಲ್ಲಿ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ನಂತರ ಬಂದ ಆಲ್ಬರ್ಟ್ ರೋಕಾ 2016ರಲ್ಲಿ ತಂಡವನ್ನು ಎಎಫ್‌ಸಿ ಕಪ್ ಫೈನಲ್ಲಿಗೆ ಒಯ್ದರು. ಅವರ ಸಹಾಯಕರಾಗಿದ್ದ ಕಾರ್ಲೆಸ್ ಕುವಾದ್ರತ್ ಮುಖ್ಯ ಕೋಚ್ ಆಗಿ 2019ರ ಮಾರ್ಚಿನಲ್ಲಿ ಇಂಡಿಯನ್ ಸೂಪರ್ ಲೀಗ್ ಗೆದ್ದುಕೊಟ್ಟರು. ಹುಟ್ಟಿ ಆರೇ ವರ್ಷದ ಕ್ಲಬ್ಬಿಗೆ ಇದು ಸಣ್ಣ ಸಾಧನೆಯಲ್ಲ.

ತೊಂದರೆ ಶುರುವಾದದ್ದೇ ಇಲ್ಲಿಂದ. ವರ್ಷ ವರ್ಷ ಕಪ್ ಕಂಡವರಿಗೆ ಕಪ್ಪಿಲ್ಲದ ವರ್ಷ ಅಪರಾಧವಾಗಿ ಕಾಣುತ್ತದೆ. 2021ರ ಜನವರಿಯಲ್ಲಿ ಸಾಲಾಗಿ ಮೂರು ಪಂದ್ಯ ಸೋತ ಕೂಡಲೇ ಕುವಾದ್ರತ್ ಹೊರಗೆ ಹೋದರು. ಆಗ ಲೀಗಿನ ಅರ್ಧ ಪಂದ್ಯಗಳೂ ಮುಗಿದಿರಲಿಲ್ಲ. ಅವರು ಹೋದ ಮೇಲೆ ತಂಡ ಮೇಲೇರಿತೆ? ಇಲ್ಲ, 7ನೇ ಸ್ಥಾನದಲ್ಲಿ ಮುಗಿಸಿತು. ಮುಂದೆ ಮಾರ್ಕೊ ಪೆಜ್ಜೈಯೊಲಿ ಬಂದರು, ಹೋದರು. 2022ರಲ್ಲಿ ಬಂದ ಸೈಮನ್ ಗ್ರೇಸನ್ ಡ್ಯುರಾಂಡ್ ಕಪ್ ಗೆದ್ದು, 2023ರ ಮಾರ್ಚಿನಲ್ಲಿ ಲೀಗ್ ಫೈನಲ್ ತಲುಪಿ, ಪೆನಾಲ್ಟಿಯಲ್ಲಿ ಸೋತರು. ಅದೇ ವರ್ಷದ ಡಿಸೆಂಬರಿನಲ್ಲಿ ಅವರಿಗೂ ಬೀಳ್ಕೊಡುಗೆ ಆಯಿತು. ಆ ಋತು ತಂಡಕ್ಕೆ ಸಿಕ್ಕದ್ದು 10ನೇ ಸ್ಥಾನ.

ಕುವಾದ್ರತ್ ಮುಂದೆ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದರು. 2024ರ ಜನವರಿಯಲ್ಲಿ ಸೂಪರ್ ಕಪ್ ಗೆದ್ದರು. 12 ವರ್ಷಗಳಿಂದ ರಾಷ್ಟ್ರಮಟ್ಟದ ಪ್ರಶಸ್ತಿ ಕಾಣದ ಕ್ಲಬ್ಬು ಅದು. ಅದೇ ಸೆಪ್ಟೆಂಬರಿನಲ್ಲಿ ಹೊಸ ಲೀಗಿನ ಮೊದಲ ಮೂರು ಪಂದ್ಯ ಸೋತದ್ದೇ ತಡ, ರಾಜೀನಾಮೆ ಕೊಡಬೇಕಾಯಿತು. ಇಂಗ್ಲೆಂಡಿನ ಲೆಸ್ಟರ್ ತಂಡಕ್ಕೆ 2016ರಲ್ಲಿ ಯಾರೂ ಕನಸಿನಲ್ಲೂ ಎಣಿಸದ ಲೀಗ್ ಪ್ರಶಸ್ತಿ ತಂದ ಕ್ಲಾಡಿಯೊ ರಾನಿಯೇರಿಯವರ ಗತಿಯೂ ಇದೇ. 9 ತಿಂಗಳಲ್ಲಿ ಕೆಲಸ ಹೋಯಿತು.

ಕ್ಲಬ್ಬುಗಳು ಹೀಗೇಕೆ ಮಾಡುತ್ತವೆ? ಋತುವಿನ ನಡುವೆ ಇಡೀ ತಂಡದ ಆಟಗಾರರನ್ನು ಬದಲಿಸಲು ಬರುವುದಿಲ್ಲ. ಮಾಲೀಕರು ತಮ್ಮನ್ನು ತಾವು ತೆಗೆದುಹಾಕಿಕೊಳ್ಳುವುದಿಲ್ಲ. ಸಿಟ್ಟಿಗೆದ್ದ ಅಭಿಮಾನಿಗಳಿಗೆ ಏನಾದರೂ ಮಾಡಿ ತೋರಿಸಬೇಕು. ಆಗ ಕೈಗೆ ಸಿಗುವವನು ಒಬ್ಬನೇ, ಮ್ಯಾನೇಜರ್. ಇನ್ನು ನಿರೀಕ್ಷೆಯ ಲೆಕ್ಕ ನೋಡಿ. ಇಂಗ್ಲೆಂಡಿನ ಲೀಗಿನಲ್ಲಿ 20 ತಂಡ, ಕಪ್ ಒಂದು. ಎಲ್ಲರೂ ಎಷ್ಟೇ ಚೆನ್ನಾಗಿ ಆಡಿದರೂ 19 ತಂಡಗಳಿಗೆ ಅದು ಸಿಗುವುದಿಲ್ಲ. ಐದಾರು ಕ್ಲಬ್ಬುಗಳು ಪ್ರತಿ ವರ್ಷ ಅದು ತಮ್ಮದೇ ಎಂದು ಕುಳಿತರೆ ನಿರಾಸೆ ಮೊದಲೇ ಬರೆದಿಟ್ಟ ಹಾಗೆ.

ಹೊಸಬರು ಬಂದ ಮೇಲೆ ತಂಡ ಸುಧಾರಿಸಿದ್ದೂ ಉಂಟಲ್ಲ ಎಂದು ನೀವು ಕೇಳಬಹುದು. ಉಂಟು. ನೆದರ್ಲೆಂಡ್ಸಿನ ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೀಲ್ ತಮ್ಮ ದೇಶದ ಲೀಗಿನ 1986ರಿಂದ 2004ರವರೆಗಿನ ಫಲಿತಾಂಶಗಳನ್ನು ಇಟ್ಟುಕೊಂಡು ಇದನ್ನೇ ಪರೀಕ್ಷಿಸಿದರು. ಸೋತು ಸೋತು ಮ್ಯಾನೇಜರನ್ನು ಬದಲಿಸಿದ ತಂಡಗಳು ಚೇತರಿಸಿಕೊಂಡಿದ್ದು ನಿಜ. ಆದರೆ ಅಷ್ಟೇ ಸೋತು, ಮ್ಯಾನೇಜರನ್ನು ಇಟ್ಟುಕೊಂಡ ತಂಡಗಳೂ ಅದೇ ರೀತಿ ಚೇತರಿಸಿಕೊಂಡಿದ್ದವು! ತೀರ ಕೆಳಗೆ ಬಿದ್ದದ್ದು ಬಹುಮಟ್ಟಿಗೆ ತಾನಾಗಿಯೇ ಮೇಲೆ ಬರುತ್ತದೆ. ಹೆಸರು ಮಾತ್ರ ಹೊಸಬನಿಗೆ.

ಹಾಗೆಂದು ಯಾರನ್ನೂ ಎಂದೂ ಬದಲಿಸಬಾರದು ಎಂದಲ್ಲ. ಗ್ರೇಸನ್ ಹೋದ ಮೇಲೆ ಬೆಂಗಳೂರಿಗೆ ಬಂದವರು ಜೆರಾರ್ಡ್ ಜರಗೋಜಾ. ಅವರ ಕೈಯಲ್ಲೇ ತಂಡ 10ನೇ ಸ್ಥಾನಕ್ಕೆ ಇಳಿದರೂ ಕ್ಲಬ್ಬು ಅವರನ್ನು ಕೂಡಲೇ ಕಳಿಸಲಿಲ್ಲ. ಮರುವರ್ಷ, 2025ರ ಏಪ್ರಿಲ್‌ನಲ್ಲಿ, ತಂಡ ಫೈನಲ್ ಆಡಿತು. ಸೋತದ್ದು ಹೆಚ್ಚುವರಿ ಅವಧಿಯಲ್ಲಿ. ಬದಲಾವಣೆಗಿಂತ ಅದರ ನಂತರ ಕೊಟ್ಟ ಸಮಯ ಕೆಲಸ ಮಾಡಿತು ಎಂದೇ ನನ್ನ ಎಣಿಕೆ.

ಸಮಯ ಏನು ಮಾಡುತ್ತದೆ ಎನ್ನುವುದಕ್ಕೆ ಗದಗಿನವರಾದ ನಾವು ಬೇರೆ ಊರಿಗೆ ಹೋಗಬೇಕಿಲ್ಲ. ಆಟ ಬೇರೆಯಾದರೂ ನಮ್ಮೂರಿನ ಸುನಿಲ್ ಜೋಶಿ ಇದ್ದಾರೆ. ಬೆಳಗಿನ ಜಾವ ಎದ್ದು ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಕ್ರಿಕೆಟ್ ಅಭ್ಯಾಸಕ್ಕೆ ಹೋಗಿ, ತಿರುಗಿ ಬಂದು ಗದಗಿನಲ್ಲಿ ಶಾಲೆಗೆ ಹೋಗುತ್ತಿದ್ದ ಹುಡುಗ ಅವರು. ಭಾರತಕ್ಕೆ ಆಡಿದ್ದು 1996ರಲ್ಲಿ, ತಮ್ಮ 26ನೇ ವಯಸ್ಸಿಗೆ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ಮೇಲೆ 10 ಓವರಿನಲ್ಲಿ 6 ರನ್ ಕೊಟ್ಟು 5 ವಿಕೆಟ್ ಕಿತ್ತರು. ಆ ಒಂದು ದಿನದ ಹಿಂದೆ ಎಷ್ಟು ಬೆಳಗುಗಳಿದ್ದವೋ! ಮುಂದೆ ಅವರು ಕೋಚ್ ಆಗಿದ್ದಾಗಲೇ ಜಮ್ಮು-ಕಾಶ್ಮೀರ ತಂಡ 2014ರ ರಣಜಿ ಪಂದ್ಯದಲ್ಲಿ ಬಲಾಢ್ಯ ಮುಂಬೈಯನ್ನು ಅದರ ಮನೆಯಂಗಳದಲ್ಲೇ ಮಣಿಸಿತು.

ಬಸ್ಸಿನ ಮಾತಿಗೆ ಬರುತ್ತೇನೆ. "ಹುಡುಗನ ಉತ್ತರಪತ್ರಿಕೆ ನೋಡೀರೇನು?" ಎಂದೆ. ತಂದೆ ನೋಡಿರಲಿಲ್ಲ, ಮಾರ್ಕು ಅಷ್ಟೇ ಗೊತ್ತಿತ್ತು. ಹುಡುಗ ಚೀಲದಿಂದ ತೆಗೆದ. ಬೀಜಗಣಿತದ ಉಳಿದ ಲೆಕ್ಕಗಳೆಲ್ಲ ಸರಿ ಇದ್ದವು, ವರ್ಗ ಸಮೀಕರಣಗಳ ಜಾಗ ಮಾತ್ರ ಖಾಲಿ. ಏಕೆಂದು ಕೇಳಿದೆ.

"ಮೊದಲನೇ ಟ್ಯೂಷನ್‌ದಾಗ ಆ ಪಾಠ ಇನ್ನ ಬಂದಿರಲಿಲ್ಲ ರೀ. ಎರಡನೇದಕ್ಕ ಹೋಗೂದ್ರೊಳಗ ಅಲ್ಲಿ ಮುಗದಿತ್ತು."

ತಂದೆ ಬಹಳ ಹೊತ್ತು ಆ ಹಾಳೆಯನ್ನೇ ನೋಡುತ್ತ ಕುಳಿತರು. ಅವರಿಗೆ ಮಗನ ಮೇಲೆ ಕಾಳಜಿ ಕಡಿಮೆಯಿರಲಿಲ್ಲ. ಕೂಲಿ ಆಳನ್ನು ಹೊಲದಲ್ಲಿ ಬಿಟ್ಟು, ದಿನ ಕೆಡಿಸಿಕೊಂಡು ಬಂದಿದ್ದರು. ಆದರೆ ಮುಂಡರಗಿಯ ಎರೆಹೊಲದಲ್ಲಿ ಬಿತ್ತಿದ ಕಡಲೆಯನ್ನು ಮೊಳಕೆ ಬಂತೋ ಇಲ್ಲವೋ ಎಂದು ದಿನಾ ಕೆದಕಿ ನೋಡುವ ಒಕ್ಕಲಿಗನನ್ನು ನೀವು ಕಂಡಿದ್ದೀರಾ? ಹೊಲದಲ್ಲಿ ನಮಗಿರುವ ತಾಳ್ಮೆ ಮಕ್ಕಳ ಮಾರ್ಕಿನ ಹಾಳೆ ಕಂಡ ಕೂಡಲೇ ಎಲ್ಲಿ ಹೋಗುತ್ತದೆ?

ಗದಗಿನ ಬಸ್ ನಿಲ್ದಾಣದಲ್ಲಿ ಇಳಿಯುವಾಗ ಅವರು ಮಗನಿಗೆ ಹೇಳಿದ ಮಾತು ಕಿವಿಗೆ ಬಿತ್ತು: "ನಡಿ, ಮೊದಲ ನಿಮ್ಮ ಈಗಿನ ಮಾಸ್ತರನ್ನ ಭೆಟ್ಟಿ ಆಗೂಣು. ಆ ಒಂದು ಪಾಠ ಮತ್ತೊಮ್ಮೆ ಹೇಳಿಕೊಡ್ತಾರೇನು ಕೇಳೂಣು."