ಅರ್ಧ ಡಾಲರಿನ ಹಾಡಿಗೆ ಎಂಟು ಸಾವಿರದ ಟಿಕೆಟ್ಟು

ದಸರೆ ಮುಗಿದು ಆನೆಗಳು ಕಾಡಿಗೆ ಮರಳಿದರೂ ಮೈಸೂರಿನ ಅಂಗಡಿ ಕಟ್ಟೆಗಳಲ್ಲಿ, ಸಿಟಿ ಬಸ್ ನಿಲ್ದಾಣದಲ್ಲಿ ಒಂದು ಲೆಕ್ಕ ಮಾತ್ರ ಮುಗಿಯುವುದೇ ಇಲ್ಲ. ಯುವ ದಸರೆಗೆ ಬಂದವರು ಯಾರು, ಕಾಸು ಕೊಟ್ಟವರು ಯಾರು, ಹಾಡಿ ಹೋದ ಮೇಲೆ ಊರಿಗೆ ಉಳಿದದ್ದೇನು ಎಂಬ ಲೆಕ್ಕ ಅದು.

ಮಹಾರಾಜ ಕಾಲೇಜು ಮೈದಾನದಲ್ಲಿ ನಡೆಯುತ್ತಿದ್ದ ಯುವ ದಸರೆ 2024ರಲ್ಲಿ ಊರಾಚೆಯ ಉತ್ತನಹಳ್ಳಿಗೆ ಹೋಯಿತು. ಆ ವರ್ಷ ಎ.ಆರ್. ರೆಹಮಾನ್, ಇಳಯರಾಜ, ಶ್ರೇಯಾ ಘೋಷಾಲ್, ರವಿ ಬಸ್ರೂರು ಬಂದರು. ಇವರ ಜತೆಗೆ ಉತ್ತರದ ಹೆಸರಾಂತ ರ‍್ಯಾಪ್ ಗಾಯಕ ಬಾದ್‌ಶಾ ಕೂಡ ಬಂದರು. ವೇದಿಕೆಗೆ ಹತ್ತಿರದ ಆಸನಗಳಿಗೆ ಟಿಕೆಟ್ಟು ಇಡಲಾಯಿತು. ಒಂದು ದರ 8,000 ರೂಪಾಯಿ, ಇನ್ನೊಂದು 5,000. ಮರುವರ್ಷ 2025ರಲ್ಲಿ ಅದು 5,000 ಮತ್ತು 2,500ಕ್ಕೆ ಇಳಿಯಿತು. ಅಷ್ಟು ಕೊಡಲಾಗದವರಿಗೆ ಹಿಂದೆ ಬಯಲು ಇದ್ದೇ ಇತ್ತು, ಪುಕ್ಕಟೆ.

ಪುಕ್ಕಟೆ ಜಾಗ ಇದ್ದ ಮೇಲೆ ತಕರಾರು ಯಾಕೆ ಸ್ವಾಮಿ ಎಂದು ಕೇಳುವವರಿದ್ದಾರೆ. ತಕರಾರು ಇಷ್ಟೇ: ಇದು ಯಾರೋ ಶ್ರೀಮಂತರ ಮನೆ ಮದುವೆಯಲ್ಲ, ನಾಡಹಬ್ಬ. ಸರ್ಕಾರದ ಹಣ, ಸರ್ಕಾರದ ಪೊಲೀಸು, ಸರ್ಕಾರದ ದೀಪ. ದೇವರಾಜ ಮಾರುಕಟ್ಟೆಯಲ್ಲಿ ದಿನವಿಡೀ ಮೂಟೆ ಹೊರುವ ಹುಡುಗನಿಗೆ ಹಬ್ಬದಲ್ಲಿ ದೂರದ ಪರದೆ, ದುಡ್ಡಿದ್ದವನಿಗೆ ಗಾಯಕನ ಮುಖ. ಯುವ ದಸರೆ ಎಂಬ ಹೆಸರಿನಲ್ಲಿ ‘ಯುವ’ ಎಂದರೆ ಯಾರು ಎಂಬುದನ್ನು ಟಿಕೆಟ್ಟೇ ತೀರ್ಮಾನಿಸುವಂತಾಯಿತು.

ಅದರಲ್ಲೂ ರ‍್ಯಾಪ್ ಹಾಡಿಗೆ ಎಂಟು ಸಾವಿರ ಎಂದರೆ ಆ ಹಾಡಿನ ಹುಟ್ಟು ಬಲ್ಲವರು ನಕ್ಕಾರು. ರ‍್ಯಾಪು, ಅದರ ಕುಣಿತ, ಗೋಡೆ ಬರಹ, ತಟ್ಟೆ ತಿರುಗಿಸುವ ಡಿಜೆ ಕೈಚಳಕ, ಈ ನಾಲ್ಕೂ ಸೇರಿದ್ದಕ್ಕೆ ಹಿಪ್‌ಹಾಪ್ ಎಂದು ಹೆಸರು. ಅದು ಹುಟ್ಟಿದ್ದು ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಬಡ ಬಡಾವಣೆಯಲ್ಲಿ. ಹೆದ್ದಾರಿ ಕಟ್ಟಲು ಅಲ್ಲಿನ ಕೇರಿಗಳನ್ನೇ ಸೀಳಿದ್ದರು. ಕಟ್ಟಡಗಳು ಸಾಲುಸಾಲಾಗಿ ಬೆಂಕಿಗೆ ಆಹುತಿಯಾದ ಕಾಲ ಅದು. 1973ರ ಆಗಸ್ಟ್ 11ರಂದು ಸೆಡ್ಜ್‌ವಿಕ್ ಅವೆನ್ಯೂ ರಸ್ತೆಯ 1520ನೇ ನಂಬರಿನ ವಠಾರದಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಒಂದು ಕುಣಿತದ ಕೂಟ ಇಟ್ಟುಕೊಂಡಳು. ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆಗೆ ಕಾಸು ಬೇಕಿತ್ತು, ಅಷ್ಟೇ. ಪ್ರವೇಶ ಹೆಣ್ಣುಮಕ್ಕಳಿಗೆ ಕಾಲು ಡಾಲರು, ಗಂಡುಹುಡುಗರಿಗೆ ಅರ್ಧ ಡಾಲರು.

ಹಾಡಿನ ತಟ್ಟೆ ಹಾಕಿದವನು ಅವಳ ಅಣ್ಣ, ಜಮೈಕಾದಿಂದ ವಲಸೆ ಬಂದ ಹದಿನೆಂಟರ ಪೋರ. ಮುಂದೆ ಕೂಲ್ ಹರ್ಕ್ ಎಂದು ಹೆಸರಾದವನು. ಹಾಡಿನ ನಡುವೆ ಬರೀ ತಾಳ ಬರುವ ತುಣುಕಿಗೆ ಜನ ಹುಚ್ಚೆದ್ದು ಕುಣಿಯುವುದನ್ನು ಅವನು ಗಮನಿಸಿದ್ದ. ಒಂದೇ ಹಾಡಿನ ಎರಡು ತಟ್ಟೆಗಳನ್ನು ಎರಡು ಯಂತ್ರದಲ್ಲಿಟ್ಟು ಆ ತುಣುಕನ್ನೇ ಮತ್ತೆ ಮತ್ತೆ ನುಡಿಸುವುದು ಅವನ ಉಪಾಯ. ಆ ತಾಳದ ಮೇಲೆ ಮಾತು ಜೋಡಿಸಿದವರಿಂದ ರ‍್ಯಾಪು ಬೆಳೆಯಿತು. ಕುಣಿದವರ ಕುಣಿತ 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ವರೆಗೂ ಹೋಯಿತು. ಸಭಾಂಗಣವಿಲ್ಲದ, ವಾದ್ಯ ಕೊಳ್ಳಲು ಗತಿಯಿಲ್ಲದ ಮಕ್ಕಳು ಕಟ್ಟಿಕೊಂಡ ಕಲೆ ಇದು. ಅದರ ಮೂಲ ಬಂಡವಾಳ ನಾಲಿಗೆ, ಕಾಲು ಮತ್ತು ಧೈರ್ಯ.

ಮೈಸೂರು ಸೀಮೆಗೆ ಇದೇನು ಹೊಸತೇ? ಮಹದೇಶ್ವರನ ಒಕ್ಕಲಿನವರು ಕಂಸಾಳೆ ಬೀಸಿ ಕುಣಿಯುವಾಗ ತಾಳವೂ ಆಟವೂ ಒಂದೇ ಕೈಯಲ್ಲಿರುತ್ತದೆ. ಮಂಟೇಸ್ವಾಮಿಯ ನೀಲಗಾರರು ರಾತ್ರಿಯಿಡೀ ಕಥೆ ಹೇಳುತ್ತಾರೆ. ಬಯಲುಸೀಮೆಯ ಹರದೇಶಿ ನಾಗೇಶಿ ಲಾವಣಿಕಾರರ ಸವಾಲು ಜವಾಬಿಗೂ ಇಂದಿನ ರ‍್ಯಾಪ್ ಪಂದ್ಯಕ್ಕೂ ಬಹಳ ದೂರವಿಲ್ಲ. ಕನ್ನಡದಲ್ಲೇ ಈಗ ರಾಹುಲ್ ಡಿಟ್ಟೋ, ಎಂ.ಸಿ. ಬಿಜ್ಜು, ಆಲ್ ಓಕೆ ಮುಂತಾದವರು ರ‍್ಯಾಪಿನಲ್ಲಿ ಹೆಸರು ಮಾಡಿದ್ದಾರೆ. ಫೋನಿನಲ್ಲೇ ತಾಳ ಹಾಕಿಕೊಂಡು ಪದ ಕಟ್ಟುವ ಹುಡುಗರು ಕಾಲೇಜುಗಳಲ್ಲೂ ಬಸ್ಸಿನ ಹಿಂದಿನ ಸೀಟಿನಲ್ಲೂ ಸಿಗುತ್ತಾರೆ. ಆದರೆ ಹಿತ್ತಲ ಗಿಡ ಮದ್ದಲ್ಲವಲ್ಲ!

ದೊಡ್ಡ ವೇದಿಕೆಯ ಬಳಕೆ ಹೇಗಾಯಿತು ಎಂಬುದಕ್ಕೂ ಊರೇ ಸಾಕ್ಷಿ. 2019ರ ಯುವ ದಸರೆಯಲ್ಲಿ ರ‍್ಯಾಪ್ ಗಾಯಕರೊಬ್ಬರು ವೇದಿಕೆಯ ಮೇಲೇ ಮದುವೆಯ ಪ್ರಸ್ತಾಪ ಮುಗಿಸಿಕೊಂಡರು. ನಾಡಹಬ್ಬವೇನು ಸ್ವಂತ ಮನೆಯ ಚಪ್ಪರವೇ ಎಂದು ಟೀಕೆ ಎದ್ದಿತು. ಪ್ರೀತಿ ತಪ್ಪಲ್ಲ. ಆದರೆ ಸರ್ಕಾರಿ ಹಬ್ಬ ತಾರೆಯರ ಸುತ್ತಲೇ ಗಿರಕಿ ಹೊಡೆದರೆ ಆಗುವುದೇ ಹೀಗೆ.

ತಾರೆಯರು ಬಂದರೆ ದಾನಧರ್ಮಕ್ಕೂ ದಾರಿಯಾಗುತ್ತದೆ ಎಂಬ ಮಾತೂ ಉಂಟು. ತಾರೆಯರ ದಾನ ಎಂದರೇನೆಂದು ಮೈಸೂರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದಿಕ್ಕಿಲ್ಲದ ಹೆಣ್ಣುಮಕ್ಕಳ ಆಸರೆಗೆ ಪಾರ್ವತಮ್ಮ ರಾಜಕುಮಾರ್ ಮುಂದೆ ನಿಂತು ಬೆಳೆಸಿದ ಶಕ್ತಿಧಾಮ ಇದೇ ಊರಿನಲ್ಲಿದೆ. ಡಾ. ರಾಜಕುಮಾರ್ 2006ರಲ್ಲಿ ಕಣ್ಣು ಕೊಟ್ಟು ಹೋದರು. ಮಗ ಪುನೀತ್ 2021ರ ಅಕ್ಟೋಬರ್ 29ರಂದು ತೀರಿಕೊಂಡಾಗ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. 2022ರ ಯುವ ದಸರೆಯಲ್ಲಿ ಊರು ಅಪ್ಪು ನಮನ ಮಾಡಿ ಕಣ್ಣೀರಿಟ್ಟಿತು. ದಾನ ಅಂದರೆ ಅದು. ಅದಕ್ಕೆ ಟಿಕೆಟ್ಟಿಲ್ಲ, ಮುಂದಿನ ಸಾಲು ಹಿಂದಿನ ಸಾಲು ಎಂಬುದೂ ಇಲ್ಲ. ಹಬ್ಬದ ಹೆಸರಿನಲ್ಲಿ ದುಡ್ಡು ಎತ್ತುವವರು ಆ ಅಳತೆಗೋಲು ಮುಂದಿಟ್ಟುಕೊಳ್ಳಲಿ.

ನ್ಯಾಯದ ಮಾತು ಹೇಳಬೇಕೆಂದರೆ, ದೊಡ್ಡ ಹೆಸರು ಬಂದರೆ ಜನ ಬರುತ್ತಾರೆ, ಲಾಡ್ಜು ತುಂಬುತ್ತದೆ, ಆಟೋಗೆ ಬಾಡಿಗೆ ಸಿಗುತ್ತದೆ. ಊರೊಳಗಿನ ಮೈದಾನ ಅಷ್ಟು ಜನಕ್ಕೆ ಸಾಲದು ಎಂಬುದೂ ನಿಜ. ಆದರೆ ಕಾರ್ಯಕ್ರಮ ಊರ ನಡುವೆ ಇದ್ದಾಗ ಜನ ನಡೆದೇ ಹೋಗುತ್ತಿದ್ದರು. ಹೋಗುವಾಗ ಚುರುಮುರಿ, ಬರುವಾಗ ಕಾಫಿ. ಆ ವ್ಯಾಪಾರ ಉತ್ತನಹಳ್ಳಿಯ ದಾರಿಯಲ್ಲಿ ಕಾರಿನ ಗಾಜಿನೊಳಗೆ ಕೂತು ಹೊರಟುಹೋಯಿತು. ಕಾರಿಲ್ಲದವನಿಗಂತೂ ಕೊನೆಯ ಹಾಡಿಗಿಂತ ಕೊನೆಯ ಬಸ್ಸಿನದೇ ಚಿಂತೆ.

ಪರಿಹಾರ ಹುಡುಕಿಕೊಂಡು ನ್ಯೂಯಾರ್ಕಿಗೆ ಹೋಗಬೇಕಾಗಿಲ್ಲ, ಮಾನಸಗಂಗೋತ್ರಿಯ ಬಯಲು ರಂಗಮಂದಿರದವರೆಗೆ ಹೋದರೆ ಸಾಕು. ದಸರೆಗೆ ಮುಂಚೆ ಅಲ್ಲಿ ನಡೆಯುವ ಯುವ ಸಂಭ್ರಮದಲ್ಲಿ ರಾಜ್ಯದ ಮೂಲೆ ಮೂಲೆಯ ಕಾಲೇಜು ಮಕ್ಕಳು ಕುಣಿಯುತ್ತಾರೆ. ಆಯ್ಕೆಯಾದ ತಂಡಗಳಿಗೆ ಯುವ ದಸರೆಯಲ್ಲಿ ಅವಕಾಶ ಉಂಟು. ಆದರೆ ಅದು ಹೆಸರಾಂತರು ಬರುವ ಮುಂಚಿನ ಹೊತ್ತು ಕಳೆಯುವ ಅವಕಾಶ ಆಗಬಾರದು. ಒಂದು ಇಡೀ ಸಂಜೆ ಆ ಮಕ್ಕಳದಾಗಲಿ. ಅದೇ ವೇದಿಕೆಯಲ್ಲಿ ಕನ್ನಡದ ರ‍್ಯಾಪಿಗೂ ಕಂಸಾಳೆಗೂ ಪಕ್ಕಪಕ್ಕದಲ್ಲೇ ಜಾಗ ಸಿಗಲಿ. ಆ ಸಂಜೆ ಊರೊಳಗೇ ನಡೆಯಲಿ, ಟಿಕೆಟ್ಟು ಬೇಡ.

ಉಳಿದ ಸಂಜೆಗಳಿಗೆ ಟಿಕೆಟ್ಟು ಇಡಲೇಬೇಕೆಂದರೆ ಇಡಲಿ. ಆದರೆ ಟಿಕೆಟ್ಟಿನಿಂದ ಬಂದದ್ದೆಷ್ಟು, ತಾರೆಯರಿಗೆ ಹೋದದ್ದೆಷ್ಟು, ಸ್ಥಳೀಯ ಕಲಾವಿದರಿಗೆ ಸಂದದ್ದೆಷ್ಟು ಎಂಬುದನ್ನು ದಸರಾ ಲೆಕ್ಕದಲ್ಲಿ ಬೇರೆ ಬೇರೆ ಬಾಬತ್ತಾಗಿ ಊರ ಮುಂದಿಡಲಿ. ಕೊನೆಯ ಬಸ್ಸಿನ ವೇಳೆಯನ್ನು ಮೊದಲ ಹಾಡಿಗೂ ಮುಂಚೆ ಪ್ರಕಟಿಸಲಿ.

ಸಮಿತಿಯ ಮಹನೀಯರು ಮುಂದಿನ ಬಾರಿ ಟಿಕೆಟ್ಟಿನ ದರ ಬರೆಯುವ ಮುನ್ನ ಆ ಅರ್ಧ ಡಾಲರನ್ನು ಒಮ್ಮೆ ನೆನೆದರೆ ಸಾಕು. ಹತ್ತಾರು ಕೋಟಿ ಸುರಿದರೂ ಹುಟ್ಟದ ಕಲೆ ಒಂದು ವಠಾರದ ಕೋಣೆಯಲ್ಲಿ ಹುಟ್ಟಿತು. ಅಲ್ಲಿ ಬಾಗಿಲು ತೆರೆದಿತ್ತು, ಅಷ್ಟೇ.